ಮನೆಯ ಗಣಕಯಂತ್ರಕ್ಕೂ ಬೇಕು ಕಸಗುಡಿಸುವ ಕಾಯಕ

ಹನ್ನೆರಡನೆಯ ಶತಮಾನದ ಶರಣ ಸಮುದಾಯದಲ್ಲಿ ಕಸ ಗುಡಿಸುವುದೂ ಒಂದು ಕಾಯಕವಾಗಿತ್ತು. ಶಿವಶರಣೆ ಸತ್ಯಕ್ಕನವರು ಶರಣರ ಮನೆಯಂಗಳವನ್ನು ಗುಡಿಸಿ ಹಸನುಗೊಳಿಸುವುದನ್ನೇ ತಮ್ಮ ಕಾಯಕವನ್ನಾಗಿ ಮಾಡಿಕೊಂಡಿದ್ದರೆಂದು ಪರಂಪರೆ ಹೇಳುತ್ತದೆ. ಪೊರಕೆ ಹಿಡಿದ ಕೈಗೂ ಲೆಕ್ಕಣಿಕೆ ಹಿಡಿದ ಕೈಗೂ ಅನುಭವ ಮಂಟಪದಲ್ಲಿ ಒಂದೇ ಗೌರವವಿತ್ತು. ಆ ಪರಂಪರೆಯ ವಾರಸುದಾರರಾದ ನಮ್ಮ ಮನೆಗಳಲ್ಲಿ ಇಂದಿಗೂ ಬೆಳಗಾಗುತ್ತಲೇ ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಡುವ ತಾಯಂದಿರಿದ್ದಾರೆ. ಆದರೆ ಅದೇ ಮನೆಯ ಒಂದು ಮೂಲೆಯಲ್ಲಿ ವರ್ಷಗಟ್ಟಲೆ ಪೊರಕೆಯನ್ನೇ ಕಾಣದ ಒಂದು ಕೋಣೆಯಿದೆ. ಅದಕ್ಕೆ ಗೋಡೆಗಳಿಲ್ಲ, ಬಾಗಿಲಿಲ್ಲ. ಅದುವೇ ನಮ್ಮ ಮನೆಯ ಗಣಕಯಂತ್ರ.

ಒಂದು ಕಾಲದಲ್ಲಿ ಕಚೇರಿಗಳಿಗೆ ಮಾತ್ರ ಸೀಮಿತವಾಗಿದ್ದ ಈ ಯಂತ್ರವು ಇಂದು ಮಕ್ಕಳ ಅಭ್ಯಾಸಕ್ಕೆ, ಹಿರಿಯರ ಬರವಣಿಗೆಗೆ, ಬ್ಯಾಂಕಿನ ವ್ಯವಹಾರಕ್ಕೆ, ಜಮೀನಿನ ದಾಖಲೆಗಳಿಗೆ, ಮದುವೆಯ ಭಾವಚಿತ್ರಗಳಿಗೆ ಆಶ್ರಯವಾಗಿದೆ. ಹೀಗಿದ್ದರೂ ಅದನ್ನು ಹಸನಾಗಿಡುವ ವಿಷಯದಲ್ಲಿ ನಮ್ಮ ಕುಟುಂಬಗಳಲ್ಲಿ ಅಷ್ಟಾಗಿ ಎಚ್ಚರ ಮೂಡಿಲ್ಲ. ‘ಯಂತ್ರ ನಿಧಾನವಾಯಿತು, ಹೊಸದು ತರೋಣ’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದೇ ಯಂತ್ರಕ್ಕೆ ಒಂದು ದಿನದ ಆರೈಕೆ ದೊರೆತರೆ ಇನ್ನೂ ಕೆಲವು ವರ್ಷ ಚೆನ್ನಾಗಿ ದುಡಿಯಬಲ್ಲದೆಂಬುದು ಬಹಳ ಮಂದಿಗೆ ತಿಳಿದಿರುವುದಿಲ್ಲ. ಆದಕಾರಣ ಈ ವಿಷಯವನ್ನು ಓದುಗ ಬಂಧುಗಳ ಮುಂದೆ ತುಸು ವಿವರವಾಗಿ ಇಡಬಯಸುತ್ತೇವೆ.

ಕಸ ಸೇರುವ ಬಗೆ

ಮೊದಲ ತಲೆಮಾರಿನ ಗಣಕಬಳಕೆದಾರರಿಗೆ ಜಾಗದ ಬೆಲೆ ಗೊತ್ತಿತ್ತು. 1995ರ ಆಗಸ್ಟ್‌ನಲ್ಲಿ ‘ವಿಂಡೋಸ್ 95’ ಬಿಡುಗಡೆಯಾದಾಗ ಸಾಮಾನ್ಯ ಗಣಕದ ಹಾರ್ಡ್ ಡಿಸ್ಕ್‌ನ ಗಾತ್ರ ಒಂದು ಗಿಗಾಬೈಟ್‌ನ ಆಸುಪಾಸಿನಲ್ಲಿರುತ್ತಿತ್ತು. ಒಂದು ಫ್ಲಾಪಿ ತಟ್ಟೆಯಲ್ಲಿ ಹಿಡಿಯುತ್ತಿದ್ದುದು 1.44 ಮೆಗಾಬೈಟ್ ಮಾತ್ರ. ಇಂದಿನ ಮೊಬೈಲು ತೆಗೆಯುವ ಒಂದು ಭಾವಚಿತ್ರವೇ ಸುಮಾರು 4 ಮೆಗಾಬೈಟ್ ಇರುತ್ತದೆ. ಅಂದರೆ ಒಂದು ಚಿತ್ರಕ್ಕೆ ಮೂರು ಫ್ಲಾಪಿಗಳು ಬೇಕಾಗುತ್ತಿದ್ದವು. ಒಂದು ಮದುವೆಯ ಸಾವಿರ ಚಿತ್ರಗಳನ್ನು ತುಂಬಿಡಲು 2,700ಕ್ಕೂ ಮಿಕ್ಕಿ ಫ್ಲಾಪಿಗಳನ್ನು ಕೊಳ್ಳಬೇಕಾಗುತ್ತಿತ್ತು. ಇಂದು 512 ಗಿಗಾಬೈಟ್, ಒಂದು ಟೆರಾಬೈಟ್ ಜಾಗವುಳ್ಳ ಯಂತ್ರಗಳು ಸಾಮಾನ್ಯವಾಗಿವೆ. ಜಾಗ ಹೆಚ್ಚಾದಂತೆ ಆಯ್ಕೆಯ ವಿವೇಕ ಕಡಿಮೆಯಾಯಿತು. ಅಟ್ಟ ದೊಡ್ಡದಾದಷ್ಟೂ ಮುರಿದ ಕುರ್ಚಿಗಳು ಅಟ್ಟವೇರುವುದು ಸಹಜವಲ್ಲವೇ?

ಕಸವು ನಾಲ್ಕು ದಾರಿಗಳಿಂದ ಬಂದು ಸೇರುತ್ತದೆ. ಅಂತರಜಾಲದಿಂದ ಇಳಿಸಿಕೊಂಡ ಕಡತಗಳು ‘ಡೌನ್‌ಲೋಡ್ಸ್’ ಕೋಶದಲ್ಲಿ ಸೇರಿಕೊಂಡು ಅಲ್ಲಿಯೇ ಉಳಿಯುತ್ತವೆ. ವಿದ್ಯುತ್ ಬಿಲ್ಲಿನ ಅದೇ ಪ್ರತಿಯು ಒಂದು, ಎರಡು, ಮೂರು ಎಂದು ಸಂಖ್ಯೆ ಹೊತ್ತು ನಿಂತಿರುತ್ತದೆ. ಎರಡನೆಯದಾಗಿ, ತಂತ್ರಾಂಶಗಳು ತಮ್ಮ ಕೆಲಸಕ್ಕಾಗಿ ಸೃಷ್ಟಿಸಿಕೊಂಡ ತಾತ್ಕಾಲಿಕ ಕಡತಗಳು ಕೆಲಸ ಮುಗಿದ ಮೇಲೂ ಉಳಿದುಬಿಡುತ್ತವೆ. ಮೂರನೆಯದು ವಾಟ್ಸಾಪ್ ಕೃಪೆ. ದಿನವೂ ಬೆಳಗಿನ ಜಾವ ಬರುವ ಶುಭೋದಯದ ಚಿತ್ರಗಳು, ಹಬ್ಬದ ಶುಭಾಶಯಗಳು, ಒಂದೇ ವಿಡಿಯೋದ ಹತ್ತು ಪ್ರತಿಗಳು ಮೊಬೈಲಿನಿಂದ ಗಣಕಕ್ಕೆ ಗಂಟುಗಂಟಾಗಿ ವರ್ಗವಾಗುತ್ತವೆ. ನಾಲ್ಕನೆಯದು, ಯಾವುದೋ ಒಂದು ದಿನದ ಅಗತ್ಯಕ್ಕೆ ಅಳವಡಿಸಿ ಮರೆತ ತಂತ್ರಾಂಶಗಳು. ಇವು ಜಾಗವನ್ನು ಆಕ್ರಮಿಸುವುದಷ್ಟೇ ಅಲ್ಲದೆ, ಗಣಕ ಚಾಲೂ ಆದಾಗಲೆಲ್ಲ ತಾವೂ ಎಚ್ಚರಗೊಂಡು ಹಿನ್ನೆಲೆಯಲ್ಲಿ ಓಡುತ್ತಿರುತ್ತವೆ.

ಪೊರಕೆಗೆ ಮೊದಲು ಪ್ರತಿ

ಸ್ವಚ್ಛತೆಯ ಉತ್ಸಾಹದಲ್ಲಿ ಕೆಲವರು ಮೊದಲ ದಿನವೇ ಅಳಿಸಲು ತೊಡಗುತ್ತಾರೆ. ಇದು ತಪ್ಪು ಕ್ರಮ. ಕಸದೊಡನೆ ಬಂಗಾರದ ಮೂಗುತಿಯೂ ತಿಪ್ಪೆ ಸೇರುವುದು ಹೀಗೆಯೇ.

ನಮಗೆ ಪರಿಚಿತವಾದ ಕುಟುಂಬವೊಂದರ ಹಿರಿಯರು ನಿವೃತ್ತಿಯ ನಂತರ ಹತ್ತಾರು ವರ್ಷ ಪ್ರತಿನಿತ್ಯ ಪ್ರಾತಃಕಾಲ ಇಷ್ಟಲಿಂಗ ಪೂಜೆ ಮುಗಿಸಿ ಗಣಕದ ಮುಂದೆ ಕುಳಿತು ವಚನಗಳಿಗೆ ಸರಳ ಅರ್ಥವಿವರಣೆ ಬರೆಯುತ್ತಿದ್ದರು. ಮನೆತನದ ವಂಶಾವಳಿಯನ್ನೂ ತಾವು ಕೇಳಿ ತಿಳಿದ ಊರಿನ ಸಂಗತಿಗಳನ್ನೂ ಅದರಲ್ಲಿಯೇ ದಾಖಲಿಸಿದ್ದರು. ಅವರು ಲಿಂಗೈಕ್ಯರಾದ ಮೇಲೆ ಕೆಲವು ತಿಂಗಳು ಯಂತ್ರ ಮುಟ್ಟುವವರಿಲ್ಲದೆ ಬಿದ್ದಿತ್ತು. ಮೊಮ್ಮಗಳ ಪರೀಕ್ಷೆಯ ಸಲುವಾಗಿ ಅದನ್ನು ದುರಸ್ತಿಗೆ ಕೊಟ್ಟರು. ಅಂಗಡಿಯವರು ‘ತುಂಬಾ ಕಸವಿತ್ತು, ಎಲ್ಲ ತೆಗೆದು ಹೊಸದಾಗಿ ಹಾಕಿದ್ದೇವೆ’ ಎಂದು ಹಿಂದಿರುಗಿಸಿದರು. ಯಂತ್ರವೇನೋ ಚುರುಕಾಯಿತು. ಆದರೆ ಹಿರಿಯರ ಬರವಣಿಗೆಯ ಒಂದು ಪುಟವೂ ಉಳಿಯಲಿಲ್ಲ. ಬೇರೆಲ್ಲಿಯೂ ಅದರ ಪ್ರತಿಯಿರಲಿಲ್ಲ. ವರ್ಷದ ಪುಣ್ಯಸ್ಮರಣೆಗೆ ಅದನ್ನು ಪುಸ್ತಕವಾಗಿ ಅಚ್ಚು ಹಾಕಿಸಬೇಕೆಂದಿದ್ದ ಮಕ್ಕಳ ದುಃಖವನ್ನು ವಿವರಿಸಬೇಕಾಗಿಲ್ಲ.

ಇಂತಹ ನಷ್ಟದ ನೋವು ನಮ್ಮ ಸಮಾಜಕ್ಕೆ ಹೊಸದಲ್ಲ. ಕಲ್ಯಾಣ ಕ್ರಾಂತಿಯ ತರುವಾಯ ಚೆನ್ನಬಸವಣ್ಣನವರೊಡನೆ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂದು ಪರಂಪರೆ ನೆನೆಯುತ್ತದೆ. ಆ ಬಳಿಕ ಶತಮಾನಗಳವರೆಗೆ ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ಓಲೆಯಿಂದ ಓಲೆಗೆ ಪ್ರತಿಯಾಗುತ್ತ ಬಂದುದರಿಂದಲೇ ವಚನಗಳು ಉಳಿದವು. ಡಾ. ಫ. ಗು. ಹಳಕಟ್ಟಿಯವರು ಆ ಕಟ್ಟುಗಳನ್ನು ಹುಡುಕಿ, ಸಂಗ್ರಹಿಸಿ, ಪರಿಷ್ಕರಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಒಂದೇ ಪ್ರತಿಯನ್ನು ಒಂದೇ ಕಡೆ ಇಟ್ಟು ನಿಶ್ಚಿಂತರಾಗಿದ್ದಿದ್ದರೆ ಗೆದ್ದಲೋ ಬೆಂಕಿಯೋ ಎಲ್ಲವನ್ನೂ ಕೊಂಡೊಯ್ಯುತ್ತಿತ್ತು.

ಇಂದಿನ ತಜ್ಞರು ಹೇಳುವುದೂ ಇದನ್ನೇ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಅವರು ಜನಪ್ರಿಯಗೊಳಿಸಿದ ‘3–2–1’ ಎಂಬ ಸೂತ್ರವಿದೆ. ಮುಖ್ಯವಾದ ಕಡತಗಳ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಅವುಗಳಲ್ಲಿ ಒಂದು ಪ್ರತಿ ಮನೆಯ ಹೊರಗಿರಬೇಕು. ನಮ್ಮ ಮನೆಗಳಿಗೆ ಇದನ್ನು ಹೀಗೆ ಹೊಂದಿಸಿಕೊಳ್ಳಬಹುದು: ಒಂದು ಪ್ರತಿ ಗಣಕದಲ್ಲಿಯೇ ಇರಲಿ. ಎರಡನೆಯದು ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್‌ನಲ್ಲಿರಲಿ. ಮೂರನೆಯದು ಬೇರೆ ಊರಿನಲ್ಲಿರುವ ಮಗನ ಅಥವಾ ಮಗಳ ಮನೆಯಲ್ಲಿ, ಇಲ್ಲವೇ ಅಂತರಜಾಲದ ಉಗ್ರಾಣದಲ್ಲಿರಲಿ.

ಅಂತರಜಾಲದ ಉಗ್ರಾಣವನ್ನು ನೆಚ್ಚುವವರು ಮೂರು ಸಂಗತಿಗಳನ್ನು ತಿಳಿದಿರಬೇಕು. ಮೊದಲನೆಯದು, ಗೂಗಲ್ ಖಾತೆಯೊಂದಕ್ಕೆ ಉಚಿತವಾಗಿ ದೊರೆಯುವ 15 ಗಿಗಾಬೈಟ್ ಜಾಗವನ್ನು ಅಂಚೆ, ಕಡತ, ಭಾವಚಿತ್ರಗಳೆಲ್ಲ ಹಂಚಿಕೊಳ್ಳುತ್ತವೆ. 2021ರ ಜೂನ್ 1ರಿಂದ ಹೊಸದಾಗಿ ಸೇರಿಸಿದ ಭಾವಚಿತ್ರಗಳೂ ಈ ಲೆಕ್ಕಕ್ಕೆ ಬರುತ್ತವೆ. ಎರಡನೆಯದು, ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅಳಿಸಿಹಾಕುವ ಅಧಿಕಾರವನ್ನು ಆ ಸಂಸ್ಥೆ ಇಟ್ಟುಕೊಂಡಿದ್ದು, 2023ರ ಡಿಸೆಂಬರಿನಿಂದ ಈ ನಿಯಮವನ್ನು ಜಾರಿಗೆ ತಂದಿದೆ. ಲಿಂಗೈಕ್ಯರಾದ ಹಿರಿಯರ ಖಾತೆಯಲ್ಲಿ ಕುಟುಂಬದ ಚಿತ್ರಗಳಿದ್ದರೆ ಅವನ್ನು ತಡಮಾಡದೆ ಇಳಿಸಿಕೊಳ್ಳಬೇಕು. ಹಿರಿಯರು ತಾವು ಬದುಕಿದ್ದಾಗಲೇ, ತಮ್ಮ ತರುವಾಯ ಖಾತೆಯನ್ನು ಯಾರು ನೋಡಬಹುದೆಂದು ಸೂಚಿಸಿಡುವ ಅನುಕೂಲವೂ ಆ ಖಾತೆಯಲ್ಲಿಯೇ ಉಂಟು. ಮೂರನೆಯದು, ಗಣಕಕ್ಕೂ ಉಗ್ರಾಣಕ್ಕೂ ಸದಾ ಹೊಂದಾಣಿಕೆ ನಡೆಯುತ್ತಿರುವಂತೆ ವ್ಯವಸ್ಥೆ ಮಾಡಿದ್ದಲ್ಲಿ, ಇಲ್ಲಿ ಅಳಿಸಿದ ಕಡತ ಅಲ್ಲಿಯೂ ಅಳಿಯುತ್ತದೆ. ಆದುದರಿಂದ ಅದೊಂದನ್ನೇ ಸುರಕ್ಷಿತ ಪ್ರತಿಯೆಂದು ನಂಬಲಾಗದು.

ಪ್ರತಿ ಮಾಡಿದ ಮೇಲೆ ಹತ್ತಾರು ಕಡತಗಳನ್ನು ಹೊರಗಿನ ಡಿಸ್ಕ್‌ನಿಂದಲೇ ತೆರೆದು ನೋಡತಕ್ಕದ್ದು. ತೆರೆದು ನೋಡದ ಪ್ರತಿಯು ಎಣಿಸದೆ ಕೊಟ್ಟ ಹಣದಂತೆ. ಬಳಿಕ ಆ ಡಿಸ್ಕ್‌ನ್ನು ಗಣಕದಿಂದ ಬೇರ್ಪಡಿಸಿ ಕಪಾಟಿನಲ್ಲಿಡಬೇಕು. ಸದಾ ಜೋಡಿಸಿಯೇ ಇಟ್ಟರೆ ಗಣಕಕ್ಕೆ ತಗುಲಿದ ವೈರಸ್ಸು ಅದಕ್ಕೂ ತಗುಲುತ್ತದೆ.

ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು?

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದದ್ದೇ. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ತಿಳಿಸಿದರು. ಅಗತ್ಯಕ್ಕೆ ಮೀರಿದ ಸಂಗ್ರಹ ಭಾರವೆಂಬುದು ಆ ತಾಯಿಯ ತಿಳುವಳಿಕೆ. ಗಣಕದ ಮುಂದೆ ಕುಳಿತಾಗ ಈ ಪ್ರಸಂಗವನ್ನು ನೆನೆದರೆ ಕೈಗೆ ಧೈರ್ಯ ಬರುತ್ತದೆ.

ಅಪಾಯವಿಲ್ಲದ ಕಸದಿಂದ ಆರಂಭಿಸಬೇಕು. ವಿಂಡೋಸ್ 10 ಮತ್ತು 11ರಲ್ಲಿ ‘ಸೆಟ್ಟಿಂಗ್ಸ್’ ತೆರೆದು ‘ಸಿಸ್ಟಮ್’, ಅದರೊಳಗೆ ‘ಸ್ಟೋರೇಜ್’ ಎಂಬಲ್ಲಿಗೆ ಹೋದರೆ ಯಾವ ಬಗೆಯ ಕಡತ ಎಷ್ಟು ಜಾಗ ಹಿಡಿದಿದೆಯೆಂಬ ಲೆಕ್ಕ ಕಾಣುತ್ತದೆ. ಅಲ್ಲಿ ‘ಟೆಂಪೊರರಿ ಫೈಲ್ಸ್’ ಎಂಬುದನ್ನು ಆರಿಸಿ ತಾತ್ಕಾಲಿಕ ಕಡತಗಳನ್ನು ತೆಗೆಯಬಹುದು. ಒಂದು ಎಚ್ಚರಿಕೆ: ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಎಂಬ ಹೆಸರೂ ಇರುತ್ತದೆ. ಅದರ ಮುಂದೆ ಗುರುತು ಹಾಕಿದರೆ ಇಳಿಸಿಕೊಂಡದ್ದೆಲ್ಲವೂ ಹೋಗಿಬಿಡುತ್ತದೆ. ಆ ಕೋಶವನ್ನು ಕೈಯಾರೆ ನೋಡಿ ಶುಚಿಗೊಳಿಸುವುದೇ ಲೇಸು.

ಮುಂದೆ ಕಡತಗಳನ್ನು ಗಾತ್ರದ ಕ್ರಮದಲ್ಲಿ ಜೋಡಿಸಿ ನೋಡಬೇಕು. ಸಾವಿರ ಚಿಕ್ಕ ಕಡತಗಳನ್ನು ಅಳಿಸಿದರೂ ಸಿಗದ ಜಾಗ ಎರಡು ದೊಡ್ಡ ವಿಡಿಯೋಗಳಿಂದ ಸಿಗುತ್ತದೆ. ಡಿಸ್ಕ್‌ನಲ್ಲಿ ಸುಮಾರು ಐದರಲ್ಲೊಂದು ಪಾಲು ಖಾಲಿಯಿರುವಂತೆ ನೋಡಿಕೊಂಡರೆ ಯಂತ್ರಕ್ಕೆ ಉಸಿರಾಡಲು ಅವಕಾಶವಾಗುತ್ತದೆ. ಅಳಿಸಿದ ಕಡತಗಳು ‘ರಿಸೈಕಲ್ ಬಿನ್’ ಎಂಬ ಬುಟ್ಟಿಯಲ್ಲಿ ಉಳಿದಿರುತ್ತವೆ. ಆ ಬುಟ್ಟಿಯನ್ನು ಬರಿದು ಮಾಡಿದ ಮೇಲೆಯೇ ಜಾಗ ಬಿಡುಗಡೆಯಾಗುವುದು. ಆದರೆ ಒಂದು ವಾರ ತಡೆದು ಬರಿದು ಮಾಡುವುದು ಮೇಲು. ‘ಅಯ್ಯೋ, ಅದು ಬೇಕಾಗಿತ್ತು’ ಎಂಬ ಮಾತು ಮನೆಯಲ್ಲಿ ಸಾಮಾನ್ಯವಾಗಿ ಮೂರನೆಯ ದಿನ ಕೇಳಿಬರುತ್ತದೆ.

ಭಾವಚಿತ್ರಗಳ ವಿಷಯದಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ತೀರ್ಮಾನಿಸಬೇಕೆಂಬುದು ನಮ್ಮ ಅಭಿಪ್ರಾಯ. ಮಗನಿಗೆ ಮಸುಕಾಗಿ ಕಾಣುವ ಒಂದು ಚಿತ್ರದಲ್ಲಿ ಅಜ್ಜಿಗೆ ತನ್ನ ತವರಿನ ಕಟ್ಟೆ ಕಾಣಬಹುದು. ಅದನ್ನು ಅಳಿಸುವ ಹಕ್ಕು ಮಗನೊಬ್ಬನಿಗೇ ಇಲ್ಲ. ಒಂದೇ ನಿಲುವಿನ ಹತ್ತು ಚಿತ್ರಗಳಲ್ಲಿ ಎರಡನ್ನು ಉಳಿಸಿ ಎಂಟನ್ನು ತೆಗೆಯಬಹುದು. ಆ ನೆಪದಲ್ಲಿ ಚಿತ್ರದಲ್ಲಿರುವವರು ಯಾರು, ಯಾವ ಊರು, ಯಾವ ಸಂದರ್ಭ ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಟ್ಟುಕೊಂಡರೆ ಅದೇ ಒಂದು ಕುಟುಂಬದ ಚರಿತ್ರೆಯಾಗುತ್ತದೆ.

ಹೆಸರಿಡುವ ಕ್ರಮ

ಉಳಿಸಿಕೊಂಡದ್ದು ಬೇಕಾದಾಗ ಸಿಗದಿದ್ದರೆ ಇದ್ದೂ ಇಲ್ಲದಂತೆ. ಅಡುಗೆಮನೆಯಲ್ಲಿ ಸಾಸಿವೆ ಜೀರಿಗೆಗಳಿಗೆ ಬೇರೆಬೇರೆ ಡಬ್ಬಿಗಳಿರುವಂತೆ ಗಣಕದಲ್ಲಿಯೂ ಕೋಶಗಳಿರಬೇಕು. ಐದಾರು ದೊಡ್ಡ ಕೋಶಗಳು ಸಾಕು: ಭಾವಚಿತ್ರ, ಮಕ್ಕಳ ವಿದ್ಯಾಭ್ಯಾಸ, ಆಸ್ತಿಪತ್ರ ಮತ್ತು ಬ್ಯಾಂಕು, ಆರೋಗ್ಯ, ಬರವಣಿಗೆ, ಧಾರ್ಮಿಕ. ಕಡತದ ಹೆಸರಿನಲ್ಲಿ ಮೊದಲು ವರ್ಷ, ಅನಂತರ ತಿಂಗಳು, ದಿನ, ಕೊನೆಗೆ ವಿಷಯ ಬರುವಂತೆ ಬರೆದರೆ ಅವು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ‘2024-05-10 ಬಸವ ಜಯಂತಿ’ ಎಂಬ ಹೆಸರು ಇದಕ್ಕೊಂದು ಉದಾಹರಣೆ. ಗಣಕದ ಮುಖಪರದೆಯ ಮೇಲೆ ಕಡತಗಳನ್ನು ಹರಡಿಕೊಳ್ಳುವುದು ನಡುಮನೆಯಲ್ಲಿ ಒಗೆದ ಬಟ್ಟೆಗಳನ್ನು ರಾಶಿ ಹಾಕಿದಂತೆ. ಅದನ್ನು ತಿಂಗಳಿಗೊಮ್ಮೆಯಾದರೂ ಖಾಲಿ ಮಾಡಬೇಕು.

ಹಳೆಯ ಕನ್ನಡ ಬರಹಗಳ ರಕ್ಷಣೆ

ಕನ್ನಡಿಗರ ಗಣಕಗಳಿಗೇ ವಿಶಿಷ್ಟವಾದ ಒಂದು ತೊಡಕಿದೆ. 1998ರಲ್ಲಿ ಹೊರಬಂದ ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮುಂತಾದ ತಂತ್ರಾಂಶಗಳು ಸಾವಿರಾರು ಜನರಿಗೆ ಗಣಕದಲ್ಲಿ ಕನ್ನಡ ಬರೆಯುವ ಭಾಗ್ಯ ಕೊಟ್ಟವು. ಆದರೆ ಆರಂಭದ ವರ್ಷಗಳಲ್ಲಿ ಕನ್ನಡ ಅಕ್ಷರಗಳನ್ನು ಇಂಗ್ಲಿಷಿನ ಸಂಕೇತಗಳ ಮೇಲೆಯೇ ಹೊದಿಸಲಾಗುತ್ತಿತ್ತು. ಆ ಫಾಂಟ್ ಇರುವ ಗಣಕದಲ್ಲಿ ಅದು ಕನ್ನಡವಾಗಿ ಕಾಣುತ್ತದೆ. ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆಯಾಗಿ ಕಾಣುತ್ತದೆ. ಇದನ್ನು ಕಂಡ ಮಕ್ಕಳು ‘ಕಡತ ಕೆಟ್ಟುಹೋಗಿದೆ’ ಎಂದು ತಿಳಿದು ಅಳಿಸಿಬಿಡುವ ಸಂಭವವಿದೆ. ಅದು ಕೆಟ್ಟಿರುವುದಿಲ್ಲ. ಅದು ಹಳೆಯ ಲಿಪಿಯ ಓಲೆಯಂತೆ, ಓದಬಲ್ಲವರಿಗಾಗಿ ಕಾಯುತ್ತಿರುತ್ತದೆ.

ಯುನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಫಾಂಟನ್ನು ತನ್ನೊಡನೆಯೇ ತಂದಿತು. ಇಂದು ಮೊಬೈಲಿನಲ್ಲಿ, ಅಂತರಜಾಲದಲ್ಲಿ ನಾವು ಓದುವ ಕನ್ನಡವೆಲ್ಲ ಬಹುಮಟ್ಟಿಗೆ ಯುನಿಕೋಡೇ. ಆದುದರಿಂದ ನುಡಿ, ಬರಹಗಳ ಹಳೆಯ ಕಡತಗಳನ್ನು ಪರಿವರ್ತಕ ತಂತ್ರಾಂಶದ ನೆರವಿನಿಂದ ಯುನಿಕೋಡಿಗೆ ತಿರುಗಿಸಿಟ್ಟುಕೊಳ್ಳುವುದು ಅತ್ಯವಶ್ಯ. ಇಂತಹ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಪರಿವರ್ತನೆಯ ವೇಳೆ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಸ್ಥಾನ ತಪ್ಪುವುದುಂಟು. ಕರಡು ತಿದ್ದುವಂತೆ ಒಮ್ಮೆ ಓದಿ ಸರಿಪಡಿಸಬೇಕು. ಹಳೆಯ ಮೂಲ ಕಡತವನ್ನೂ ಅದರ ಫಾಂಟನ್ನೂ ಒಟ್ಟಿಗೇ ಒಂದು ಕೋಶದಲ್ಲಿಟ್ಟಿರಬೇಕು. ರಜೆಗೆ ಬಂದ ಮೊಮ್ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಮತ್ತೊಂದಿಲ್ಲ. ಅಜ್ಜನ ಬರಹವನ್ನು ತಿದ್ದುವ ನೆಪದಲ್ಲಿ ಅವರು ಅದನ್ನು ಓದುತ್ತಾರೆ.

ಕರೆಯದೆ ಬಂದ ಅತಿಥಿಗಳು

ಗಣಕ ಚಾಲೂ ಆಗಲು ಬಹಳ ಹೊತ್ತು ಹಿಡಿಯುತ್ತಿದ್ದರೆ, ಅದರೊಡನೆ ಎಚ್ಚರಗೊಳ್ಳುವ ತಂತ್ರಾಂಶಗಳೇ ಅನೇಕ ವೇಳೆ ಕಾರಣವಾಗಿರುತ್ತವೆ. ಕೀಲಿಮಣೆಯಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಅದರಲ್ಲಿ ‘ಸ್ಟಾರ್ಟಪ್’ ಎಂಬ ಭಾಗದಲ್ಲಿ ಇವುಗಳ ಪಟ್ಟಿಯಿರುತ್ತದೆ. ಅಗತ್ಯವಿಲ್ಲದವನ್ನು ‘ಡಿಸೇಬಲ್’ ಮಾಡಬಹುದು. ಇದರಿಂದ ಆ ತಂತ್ರಾಂಶ ಅಳಿಯುವುದಿಲ್ಲ, ಕರೆದಾಗ ಮಾತ್ರ ಬರುತ್ತದೆ. ಬಳಸದೆ ಬಿಟ್ಟವನ್ನು ‘ಸೆಟ್ಟಿಂಗ್ಸ್’ನ ‘ಆ್ಯಪ್ಸ್’ ವಿಭಾಗದಿಂದಲೇ ತೆಗೆಯಬೇಕು. ಏನೆಂದು ತಿಳಿಯದ ಹೆಸರು ಕಂಡರೆ ತಿಳಿದವರನ್ನು ಕೇಳುವವರೆಗೆ ಮುಟ್ಟಬಾರದು.

‘ಒಂದೇ ಕ್ಷಣದಲ್ಲಿ ನಿಮ್ಮ ಗಣಕವನ್ನು ಶುದ್ಧಗೊಳಿಸುತ್ತೇವೆ’ ಎಂದು ಸಾರುವ ತಂತ್ರಾಂಶಗಳ ಬಗ್ಗೆ ಒಂದು ಮಾತು. ‘ರಿಜಿಸ್ಟ್ರಿ’ ಎಂಬ ಒಳಲೆಕ್ಕದ ಪುಸ್ತಕವನ್ನು ತೊಳೆಯುವುದಾಗಿ ಹೇಳುವ ಸಾಧನಗಳ ಬಳಕೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯೇ ಬೆಂಬಲಿಸುವುದಿಲ್ಲ. 2017ರಲ್ಲಿ ‘ಸಿಕ್ಲೀನರ್’ ಎಂಬ ಹೆಸರಾಂತ ಶುದ್ಧೀಕರಣ ತಂತ್ರಾಂಶದ ಒಂದು ಆವೃತ್ತಿಯೊಳಗೆ ದುಷ್ಕರ್ಮಿಗಳು ಗುಟ್ಟಾಗಿ ಹಾನಿಕಾರಕ ಭಾಗವನ್ನು ಸೇರಿಸಿಬಿಟ್ಟಿದ್ದರು. ಅದು ಸುಮಾರು 22 ಲಕ್ಷ ಗಣಕಗಳನ್ನು ಹೊಕ್ಕಿತ್ತು. ಪೊರಕೆಯಲ್ಲಿಯೇ ಚೇಳು ಅಡಗಿ ಕುಳಿತಂತಾಯಿತು. ಗಣಕದೊಡನೆಯೇ ಬಂದಿರುವ ಸಾಧನಗಳು ಮನೆಯ ಬಳಕೆಗೆ ಸಾಕಾಗುತ್ತವೆ.

ಡಿಸ್ಕ್‌ನ ಚದುರಿದ ಭಾಗಗಳನ್ನು ಒಟ್ಟುಗೂಡಿಸುವ ‘ಡಿಫ್ರ್ಯಾಗ್’ ಎಂಬ ಕ್ರಿಯೆ ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕ್‌ಗಳಿಗೆ ಉಪಯುಕ್ತ. ಹೊಸ ಬಗೆಯ ‘ಎಸ್‌ಎಸ್‌ಡಿ’ಗೆ ಅದರ ಅಗತ್ಯವಿಲ್ಲ. ಎರಡಕ್ಕೂ ತಕ್ಕ ಆರೈಕೆಯನ್ನು ವಿಂಡೋಸ್ ತಾನಾಗಿಯೇ ವಾರಕ್ಕೊಮ್ಮೆ ಮಾಡಿಕೊಳ್ಳುವ ವ್ಯವಸ್ಥೆಯಿದೆ.

ಬಾಗಿಲ ಚಿಲಕ

ಹೊಸ ಪರಿಷ್ಕರಣೆ ಬಂದಿದೆ ಎಂಬ ಸೂಚನೆ ಕಂಡೊಡನೆ ‘ನಾಳೆ ನೋಡೋಣ’ ಎಂದು ಮುಂದೂಡುವ ಅಭ್ಯಾಸ ಅನೇಕರಿಗಿದೆ. 2017ರ ಮೇ 12ರಂದು ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶ ನೂರೈವತ್ತು ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಆ ದೋಷಕ್ಕೆ ಮದ್ದಾದ ಪರಿಷ್ಕರಣೆ ಮಾರ್ಚ್ 14ರಂದೇ ಹೊರಬಂದಿತ್ತು. ಅದನ್ನು ಆಗಲೇ ಅಳವಡಿಸಿಕೊಂಡಿದ್ದ ಗಣಕಗಳು ಪಾರಾದವು.

ವೈರಸ್ ತಡೆಗೆ ವಿಂಡೋಸ್‌ನಲ್ಲಿ ‘ಡಿಫೆಂಡರ್’ ಎಂಬ ಕಾವಲುಗಾರ ಜೊತೆಗೇ ಬರುತ್ತಾನೆ. ಒಂದು ಮನೆಗೆ ಒಬ್ಬ ಕಾವಲುಗಾರ ಸಾಕು. ಎರಡು ಮೂರು ವೈರಸ್ ನಿರೋಧಕಗಳನ್ನು ತುಂಬಿದರೆ ಅವು ಒಂದನ್ನೊಂದು ಅನುಮಾನಿಸುತ್ತ ಗಣಕವನ್ನೇ ಕುಂಠಿತಗೊಳಿಸುತ್ತವೆ. ಪರದೆಯ ಮೇಲೆ ‘ನಿಮ್ಮ ಗಣಕಕ್ಕೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಎಚ್ಚರಿಕೆ ಮೂಡಿದರೆ ಅದು ವಂಚಕರ ಬಲೆಯೆಂದು ತಿಳಿಯಬೇಕು. ಅಪರಿಚಿತರಿಗೆ ದೂರದಿಂದ ಗಣಕ ನಡೆಸಲು ಅನುಮತಿ ಕೊಡಲೇಬಾರದು. ಹಣ ಕಳೆದುಕೊಂಡವರು ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡತಕ್ಕದ್ದು. ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಯಂತ್ರದ ಶರೀರಶುದ್ಧಿ

ಇದುವರೆಗೆ ಹೇಳಿದ್ದು ಒಳಗಿನ ಶುದ್ಧಿ. ಹೊರಗಿನ ಶುದ್ಧಿಯೂ ಅಷ್ಟೇ ಮುಖ್ಯ. ಗಣಕದೊಳಗಿನ ಫ್ಯಾನು ಗಾಳಿಯನ್ನು ಎಳೆದುಕೊಳ್ಳುವಾಗ ಧೂಳನ್ನೂ ಎಳೆದುಕೊಳ್ಳುತ್ತದೆ. ಆ ಧೂಳು ಶಾಖ ಹೊರಹಾಕುವ ಲೋಹದ ಪದರಗಳ ನಡುವೆ ಕಂಬಳಿಯಂತೆ ಕೂರುತ್ತದೆ. ಶಾಖ ಮಿತಿ ಮೀರಿದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬೇಸಿಗೆಯ ಮಧ್ಯಾಹ್ನ ಗಣಕ ನಿಧಾನವಾಗಿ, ಫ್ಯಾನಿನ ಸದ್ದು ಜೋರಾಗುವುದಕ್ಕೆ ಇದು ಮುಖ್ಯ ಕಾರಣ.

ನಮ್ಮ ಮನೆಗಳಲ್ಲಿ ಸ್ಥಳಾಭಾವದಿಂದ ಗಣಕವನ್ನು ಪೂಜಾಕೋಣೆಯ ಪಕ್ಕದಲ್ಲಿಡುವುದುಂಟು. ಧೂಪ, ಊದುಬತ್ತಿಯ ಹೊಗೆಯ ಜಿಡ್ಡು ಮತ್ತು ವಿಭೂತಿಯ ನುಣುಪಾದ ಪುಡಿ ಎರಡೂ ಯಂತ್ರದೊಳಗೆ ಸೇರುತ್ತವೆ. ಹಿಟ್ಟು ಬೀಸುವ, ಒಗ್ಗರಣೆ ಹಾಕುವ ಜಾಗದಿಂದಲೂ ಅದು ದೂರವಿರಬೇಕು. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಬಳಸಿದರೆ ಕೆಳಗಿನ ಗಾಳಿಕಂಡಿ ಮುಚ್ಚಿಹೋಗುತ್ತದೆ. ಆಯುಧಪೂಜೆಯಂದು ಗಣಕಕ್ಕೆ ವಿಭೂತಿ ಹಚ್ಚಿ ಹೂವಿಡುವ ಮನೆಗಳು ಅನೇಕ. ದುಡಿಮೆಯ ಸಾಧನವನ್ನು ಗೌರವಿಸುವುದು ಯೋಗ್ಯವೇ. ಆದರೆ ನೀರು ಚಿಮುಕಿಸುವುದಾಗಲಿ, ಕಂಡಿಗಳ ಮೇಲೆ ಪುಡಿ ಉದುರಿಸುವುದಾಗಲಿ ಕೂಡದು. ಆ ದಿನದ ಮುನ್ನ ಅದರ ಧೂಳು ತೆಗೆಯುವುದೇ ಆ ಯಂತ್ರಕ್ಕೆ ಸಲ್ಲುವ ನಿಜವಾದ ಪೂಜೆ.

ಧೂಳು ತೆಗೆಯುವ ಮೊದಲು ಗಣಕವನ್ನು ಪೂರ್ಣವಾಗಿ ನಿಲ್ಲಿಸಿ, ಗೋಡೆಯಿಂದ ಪ್ಲಗ್ ಕಿತ್ತಿರಬೇಕು. ಒತ್ತಡದ ಗಾಳಿಯ ಡಬ್ಬಿಯಿಂದ ಸ್ವಲ್ಪಸ್ವಲ್ಪವಾಗಿ ಊದಬೇಕು. ಊದುವಾಗ ಫ್ಯಾನು ತಿರುಗದಂತೆ ಬೆರಳಿನಿಂದಲೋ ಕಡ್ಡಿಯಿಂದಲೋ ಹಿಡಿದುಕೊಂಡಿರಬೇಕು. ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಪರದೆಯನ್ನು ನುಣುಪಾದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಬೇಕು. ಅಗತ್ಯವಾದರೆ ಬಟ್ಟೆಯನ್ನು ತುಸು ತೇವ ಮಾಡಿಕೊಳ್ಳಬಹುದು, ಪರದೆಯ ಮೇಲೆಯೇ ನೀರು ಸಿಂಪಡಿಸಬಾರದು.

ವಿದ್ಯುತ್ತಿನ ಏರಿಳಿತಕ್ಕೆ ಯುಪಿಎಸ್ ಒಂದು ರಕ್ಷಣೆ. ಅದರ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ. ಗುಡುಗು ಸಿಡಿಲಿನ ಬೇಸಿಗೆ ಮಳೆ ಆರಂಭವಾಗುವ ಸೂಚನೆ ಕಂಡೊಡನೆ ಗಣಕದ ಪ್ಲಗ್ಗನ್ನೂ ಅಂತರಜಾಲದ ತಂತಿಯನ್ನೂ ಕಿತ್ತಿಡುವುದು ಕ್ಷೇಮ.

ಹಳೆಯ ಯಂತ್ರದ ಗತಿ

ಇಷ್ಟೆಲ್ಲ ಮಾಡಿದರೂ ಯಂತ್ರ ಚೇತರಿಸಿಕೊಳ್ಳದಿದ್ದರೆ ಹೊಸದನ್ನು ಕೊಳ್ಳುವ ಮುನ್ನ ಒಂದು ಉಪಾಯವಿದೆ. ತಿರುಗುವ ಹಾರ್ಡ್ ಡಿಸ್ಕ್‌ನ ಬದಲು ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ ಹೆಚ್ಚಿಸಿದರೆ ಹಳೆಯ ಯಂತ್ರಕ್ಕೂ ಹೊಸ ಚೈತನ್ಯ ಬರುತ್ತದೆ. ಅದರ ಖರ್ಚು ಹೊಸ ಯಂತ್ರದ ಬೆಲೆಯ ಒಂದು ಅಂಶ ಮಾತ್ರ. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಗಿಗಾಬೈಟ್ ರ್‍ಯಾಮ್, 64 ಗಿಗಾಬೈಟ್ ಜಾಗ ಮತ್ತು ‘ಟಿಪಿಎಂ 2.0’ ಎಂಬ ಭದ್ರತಾ ಸೌಕರ್ಯ ಬೇಕು. ಇವಿಲ್ಲದ ಯಂತ್ರಗಳಲ್ಲಿ ‘ಲಿನಕ್ಸ್ ಮಿಂಟ್’ನಂತಹ ಉಚಿತ ವ್ಯವಸ್ಥೆಯನ್ನು ಅಳವಡಿಸಿ ಓದು, ಬರಹ, ಅಂಚೆಗಳಿಗೆ ನಿರಾತಂಕವಾಗಿ ಬಳಸಬಹುದು. ಅದರಲ್ಲಿ ಕನ್ನಡವೂ ಚೆನ್ನಾಗಿ ಮೂಡುತ್ತದೆ.

ತಮಗೆ ಬೇಡವಾದ, ಆದರೆ ನಡೆಯುತ್ತಿರುವ ಯಂತ್ರವನ್ನು ಹತ್ತಿರದ ಮಠದ ಪ್ರಸಾದನಿಲಯಕ್ಕೋ ಗ್ರಾಮದ ಶಾಲೆಗೋ ಸಮರ್ಪಿಸಿದರೆ ಅದೂ ದಾಸೋಹವೇ. ಕೊಡುವ ಮುನ್ನ ತಮ್ಮ ಕಡತಗಳ ಪ್ರತಿ ತೆಗೆದುಕೊಂಡು, ‘ರೀಸೆಟ್’ ಸೌಲಭ್ಯದಲ್ಲಿ ಎಲ್ಲವನ್ನೂ ಅಳಿಸಿ ಡಿಸ್ಕ್‌ನ್ನು ಪೂರ್ಣವಾಗಿ ಶುಚಿಗೊಳಿಸುವ ಆಯ್ಕೆಯನ್ನು ಬಳಸಬೇಕು. ಬರಿದೆ ಅಳಿಸಿದ ಕಡತಗಳನ್ನು ಬಲ್ಲವರು ಮರಳಿ ಪಡೆಯಬಲ್ಲರು. ಪೂರ್ಣ ಕೆಟ್ಟ ಯಂತ್ರವನ್ನು ಗುಜರಿಗೆ ಹಾಕದೆ ಅಧಿಕೃತ ಇ-ತ್ಯಾಜ್ಯ ಸಂಸ್ಕರಣಾ ಘಟಕಗಳಿಗೆ ತಲುಪಿಸಬೇಕು. ಈ ಕುರಿತು ಕೇಂದ್ರ ಸರ್ಕಾರದ 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಸೀಸ, ಪಾದರಸಗಳು ಮಣ್ಣಿಗೆ ಸೇರಿದರೆ ನಾವು ಕುಡಿಯುವ ನೀರಿಗೇ ವಿಷ.

ಗೃಹಸ್ಥರಿಗೊಂದು ಕಾಲಪಟ್ಟಿ

ವಾರಕ್ಕೊಮ್ಮೆ: ಗಣಕವನ್ನು ಪೂರ್ಣವಾಗಿ ನಿಲ್ಲಿಸಿ ಮತ್ತೆ ಚಾಲೂ ಮಾಡುವುದು. ಪರಿಷ್ಕರಣೆಗಳನ್ನು ಅಳವಡಿಸುವುದು. ಪರದೆ, ಕೀಲಿಮಣೆ ಒರೆಸುವುದು.

ತಿಂಗಳಿಗೊಮ್ಮೆ, ಹುಣ್ಣಿಮೆಯನ್ನು ಗುರುತಾಗಿಟ್ಟುಕೊಂಡು: ಮುಖಪರದೆ, ಡೌನ್‌ಲೋಡ್ಸ್ ಖಾಲಿ ಮಾಡುವುದು. ಹೊರಗಿನ ಡಿಸ್ಕ್‌ಗೆ ಪ್ರತಿ ತೆಗೆಯುವುದು.

ಮೂರು ತಿಂಗಳಿಗೊಮ್ಮೆ: ಬಳಸದ ತಂತ್ರಾಂಶಗಳನ್ನು ತೆಗೆಯುವುದು. ಚಾಲೂ ಆಗುವಾಗ ಎಚ್ಚರಗೊಳ್ಳುವ ತಂತ್ರಾಂಶಗಳ ಪಟ್ಟಿ ನೋಡುವುದು.

ವರ್ಷಕ್ಕೆರಡು ಬಾರಿ, ಬಸವ ಜಯಂತಿ ಮತ್ತು ಆಯುಧಪೂಜೆಗೆ ಮುನ್ನ: ಧೂಳು ತೆಗೆಯುವುದು. ಭಾವಚಿತ್ರಗಳನ್ನು ಮನೆಮಂದಿಯೊಡನೆ ಕುಳಿತು ಆರಿಸುವುದು. ಹೊರಗಿನ ಡಿಸ್ಕ್‌ನ ಕಡತಗಳನ್ನು ತೆರೆದು ಪರೀಕ್ಷಿಸುವುದು. ದೂರದ ಪ್ರತಿಯನ್ನು ಹೊಸದಾಗಿಸುವುದು.

ಈ ಕೆಲಸಗಳನ್ನು ಮನೆಯಲ್ಲಿ ಒಬ್ಬರ ತಲೆಗೇ ಕಟ್ಟದೆ ಹಂಚಿಕೊಳ್ಳಬೇಕು. ಸಂಕೇತಪದಗಳೂ ಪ್ರತಿಗಳಿರುವ ಸ್ಥಳವೂ ಕನಿಷ್ಠ ಇಬ್ಬರಿಗಾದರೂ ತಿಳಿದಿರಲಿ. ಪುಸ್ತಕವೊಂದರಲ್ಲಿ ಬರೆದು ಆಸ್ತಿಪತ್ರಗಳೊಡನೆ ಬೀರುವಿನಲ್ಲಿಟ್ಟರೂ ಆದೀತು. ಪ್ರತಿ ತೆಗೆಯುವ ಕೆಲಸವನ್ನು ಮಾತ್ರ ಈ ವಾರವೇ ಮುಗಿಸಬೇಕೆಂದು ಓದುಗ ಬಂಧುಗಳಲ್ಲಿ ವಿನಂತಿಸುತ್ತೇವೆ. ಉಳಿದ ಕಸ ಇನ್ನೊಂದು ತಿಂಗಳು ಕಾಯಬಲ್ಲದು. ಹಿರಿಯರ ಬರಹವೂ ಮಕ್ಕಳ ಬಾಲ್ಯವೂ ಒಂದೇ ಡಿಸ್ಕ್‌ನ ಆಯುಷ್ಯವನ್ನು ನೆಚ್ಚಿ ಕುಳಿತಿರಬಾರದು.